ಸೆಲ್ಫ್ ತಗೋವಲ್ದು

ಹಳೆಯ ಬಸವನಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ಅತ್ತ ಆಲಮಟ್ಟಿ ಅಣೆಕಟ್ಟಿನ ಬುಡದಲ್ಲಿ ಇನ್ನೂ 290 ಮೆಗಾವಾಟ್. ಇಷ್ಟೆಲ್ಲ ಕರೆಂಟು ಹುಟ್ಟುವ ಜಿಲ್ಲೆಯಲ್ಲಿ, ಕಬ್ಬು ನುರಿಸುವ ಹಂಗಾಮಿನ ನಸುಕಿನಲ್ಲಿ, ಕಾರ್ಖಾನೆಯ ಪಾಳಿಯಲ್ಲಿ ನಿಂತ ಒಂದು ಟ್ರ್ಯಾಕ್ಟರಿಗೆ ಬರೀ ಹನ್ನೆರಡು ವೋಲ್ಟಿನ ಬರಗಾಲ ಬೀಳುತ್ತದೆ. ಚಾವಿ ತಿರುವಿದರೆ ಬಾನೆಟ್ಟಿನ ಒಳಗೆಲ್ಲೋ 'ಟಕ್' ಅನ್ನುತ್ತದೆ, ಮತ್ತೊಮ್ಮೆ ತಿರುವಿದರೆ ಮತ್ತೊಮ್ಮೆ 'ಟಕ್'. ಮುಂದಿನವನು ತೂಕದ ಕಾಟಾ ಕಡೆಗೆ ಹತ್ತು ಮಾರು ಸರಿದಿರುತ್ತಾನೆ, ಹಿಂದಿನವನು ಹಾರ್ನ್ ಹೊಡೆಯುತ್ತಿರುತ್ತಾನೆ. "ಯಣ್ಣಾ, ಸೆಲ್ಫ್ ತಗೋವಲ್ದು" ಎಂಬ ಮಾತು ಹೊರಬೀಳುವುದೇ ತಡ, ಪಾಳಿಗೆ ಪಾಳಿಯೇ ತೀರ್ಪು ಕೊಡುತ್ತದೆ: "ರಾತ್ರಿಪೂರ್ತಿ ಹಾಡು ಹಚ್ಚಿದ್ರ ಇನ್ನೇನಾಕ್ಕೈತಿ!" ಈ ತೀರ್ಪಿನಲ್ಲಿ ಹಾಡಿಗೆ ಅನ್ಯಾಯವಾಗಿದೆ ಎಂಬುದು ನನ್ನ ವಾದ. ಬ್ಯಾಟರಿ ಇಳಿಸುವುದು ಹಾಡಲ್ಲ, ಆ ಹಾಡನ್ನು ಯಾರ ಕಿವಿಗೆ ಮುಟ್ಟಿಸಬೇಕೆಂದು ಚಾಲಕ ಹೊರಟಿದ್ದಾನೆ ಎನ್ನುವುದು.

ವಿದೇಶದವರು ಮನೆಯನ್ನೇ ಗಾಲಿಯ ಮೇಲೆ ಕಟ್ಟಿಕೊಂಡು ತಿರುಗುವ ಗಾಡಿಗೆ ಕ್ಯಾಂಪರ್‌ವ್ಯಾನ್ ಎನ್ನುತ್ತಾರೆ, ಅದನ್ನು ನಿಲ್ಲಿಸಿದಾಗ ರೇಡಿಯೋ ಕೇಳುವುದು ಹೇಗೆಂದು ಗಂಭೀರವಾಗಿ ಚರ್ಚಿಸುತ್ತಾರೆ. ನಮ್ಮಲ್ಲಿ ಆ ಹೆಸರಿಲ್ಲ, ಗಾಡಿ ಇದೆ. ಭೀಮೆಯ ಬದಿಯ ಇಂಡಿ, ಸಿಂದಗಿಗಳಲ್ಲೂ ಕೃಷ್ಣೆಯ ಬದಿಯ ಮುದ್ದೇಬಿಹಾಳ, ಬಾಗೇವಾಡಿಗಳಲ್ಲೂ ನೀರು ಬಂದಲ್ಲಿ ಕಬ್ಬು ಬಂತು. ಕಬ್ಬಿನ ಹಿಂದೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು ಬಂತು. ಮರಗೂರಿನ ಸಹಕಾರಿ ಕಾರ್ಖಾನೆಯೇ ಇರಲಿ, ಆಲಮೇಲದ ಖಾಸಗಿ ಕಾರ್ಖಾನೆಯೇ ಇರಲಿ, ಹಂಗಾಮು ಜೋರಾದಾಗ ಗಾಡಿ ಹಚ್ಚಿದೊಡನೆ ಪಾಳಿ ಬರುವುದಿಲ್ಲ. ಚಾಲಕ ಅಲ್ಲೇ ಬುತ್ತಿ ಬಿಚ್ಚುತ್ತಾನೆ, ಅಲ್ಲೇ ಕಂಬಳಿ ಹೊದೆಯುತ್ತಾನೆ, ಮಡಗಾರ್ಡಿನ ಮೇಲೆ ಅಂಗಿ ಒಣಹಾಕುತ್ತಾನೆ. ಇಷ್ಟಾದ ಮೇಲೆ ಅದು ವಾಹನವಲ್ಲ, ಸಂಸಾರ. ಸಂಸಾರವೆಂದ ಮೇಲೆ ಒಂದು ಹಾಡು ಬೇಡವೆ?

ಬೇಕು, ಲೆಕ್ಕ ಹಾಕಿಯೇ ಕೇಳೋಣ. ಟ್ರ್ಯಾಕ್ಟರಿನ ಬ್ಯಾಟರಿ ಸಾಮಾನ್ಯವಾಗಿ 75ರಿಂದ 100 ಆಂಪಿಯರ್-ಅವರ್‌ನದು, 88 ಎಂದಿಟ್ಟುಕೊಳ್ಳೋಣ. ಅದರಲ್ಲಿ ಅರ್ಧಕ್ಕಿಂತ ಕೆಳಗಿಳಿಸಿದರೆ ಸೀಸದ ಬ್ಯಾಟರಿಗೆ ಆಯುಷ್ಯ ಕಡಿಮೆ, ಹಾಗಾಗಿ ನಮ್ಮ ಕೈಗೆ ಸಿಗುವುದು 44. ಡ್ಯಾಶ್‌ಬೋರ್ಡಿನ ಸಾದಾ ರೇಡಿಯೋ ಅದರದೇ ಸಣ್ಣ ಸ್ಪೀಕರಿನಲ್ಲಿ ಹಾಡಿದರೆ ತಾಸಿಗೆ ಒಂದು ಆಂಪಿಯರ್-ಅವರ್ ತಿಂದೀತು. ಬ್ಯಾಟರಿ ಹಳೆಯದೆಂದು ಇದರಲ್ಲೂ ಅರ್ಧ ಕಳೆದರೂ ಇಡೀ ರಾತ್ರಿ, ಮರುದಿನ ಮಧ್ಯಾಹ್ನದ ಊಟದ ತನಕ ಕೇಳಬಹುದು. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್‌ನ ಇಡೀ ದಿನದ ಪ್ರಸಾರ ಕೇಳಿದರೂ ಸೆಲ್ಫ್ ಹೊಡೆಯುವಷ್ಟು ಶಕ್ತಿ ಉಳಿದಿರುತ್ತದೆ. ಇನ್ನು ಟ್ರ್ಯಾಕ್ಟರಿನ ತಲೆಯ ಮೇಲೆ ಬಾಕ್ಸ್, ಸೀಟಿನ ಹಿಂದೆ ವೂಫರ್, ಅವಕ್ಕೊಂದು ಆಂಪ್ಲಿಫೈಯರ್ ಕೂಡಿಸಿದ ಸಂಸಾರವನ್ನು ನೋಡಿ. ಅದು ಸರಾಸರಿ 15 ಆಂಪಿಯರ್ ಎಳೆದರೆ ಆ 44 ಮೂರು ತಾಸಿಗೂ ಸಾಲದು. ಪೂರ್ತಿ ತಿರುವಿ 40 ಎಳೆದರೆ ತಾಸಿನಲ್ಲಿ ಮುಗಿಯಿತು. ಸಾಲದ್ದಕ್ಕೆ, ಬ್ಯಾಟರಿಯ ಮೇಲೆ ಬರೆದ ಅಂಕಿ ಇಪ್ಪತ್ತು ತಾಸು ನಿಧಾನವಾಗಿ ಖರ್ಚು ಮಾಡಿದವನಿಗೆ ಮಾತ್ರ ಪೂರ್ತಿ ಸಿಗುವಂಥದ್ದು. ಗಡಿಬಿಡಿಯಲ್ಲಿ ಹಿಂಡಿದವನಿಗೆ ಅದು ಎಮ್ಮೆಯ ಹಾಗೆ ಕಡಿಮೆಯೇ ಕೊಡುತ್ತದೆ.

ಇಲ್ಲೊಂದು ಮೋಸವಿದೆ. ಸೆಲ್ಫ್ ಮೋಟರು ಮುನ್ನೂರು ಆಂಪಿಯರ್ ಕೇಳಿದರೂ ಕೇಳುವುದು ಎರಡು ಮೂರು ಸೆಕೆಂಡು. ಒಟ್ಟು ಖರ್ಚು ಕಾಲು ಆಂಪಿಯರ್-ಅವರ್. ಮೊತ್ತ ನೋಡಿದರೆ ಒಂದು ತಾಸಿನ ರೇಡಿಯೋ ನಾಲ್ಕು ಸಲ ಸ್ಟಾರ್ಟ್ ಮಾಡಿದ್ದಕ್ಕೆ ಸಮ. ಆದರೆ ಸೆಲ್ಫಿಗೆ ಬೇಕಾದದ್ದು ಮೊತ್ತವಲ್ಲ, ಒಮ್ಮೆಲೇ ಹೊಮ್ಮುವ ಕಸುವು. ದಣಿದ ಎತ್ತು ಅಂಗಳದಲ್ಲಿ ಎಷ್ಟು ಬೇಕಾದರೂ ಓಡಾಡೀತು, ಹಳ್ಳದ ದಂಡೆ ಏರುವಾಗ ಮಾತ್ರ ಮೊಣಕಾಲೂರುತ್ತದೆ. ಹಾಗೆಯೇ ಬಸವಳಿದ ಬ್ಯಾಟರಿಯ ಮೇಲೂ ಹಾಡು ಚೊಕ್ಕವಾಗಿ ಹಾಡುತ್ತಲೇ ಇರುತ್ತದೆ. "ಈಗಿನ್ನೂ ಹಾಡ್ತಿತ್ತಲ್ಲೋ ಮಾರಾಯ!" ಎಂಬ ಉದ್ಗಾರ ಅದಕ್ಕೇ. ಹಂಗಾಮು ಬರುವುದೂ ಚಳಿಗಾಲದಲ್ಲಿ. ನಸುಕಿನ ಥಂಡಿಗೆ ಎಂಜಿನ್ನಿನ ಎಣ್ಣೆ ಗಟ್ಟಿಯಾಗಿ, ಕಸುವು ಹೆಚ್ಚು ಬೇಕಾದ ಹೊತ್ತಿಗೇ ಬ್ಯಾಟರಿ ಕೈಚೆಲ್ಲುತ್ತದೆ.

ಇಷ್ಟು ದೊಡ್ಡ ಬಾಕ್ಸ್ ಯಾಕೆ ಬೇಕು? ಕಿವಿಯ ಸ್ವಭಾವವೇ ವಿಚಿತ್ರ. ಸದ್ದು ಎರಡು ಪಟ್ಟು ಜೋರೆನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಸುರಿಯಬೇಕು. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದಿನ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಸೀಟಿನ ಮೇಲೆ ಕುಳಿತವನಿಗೆ ಒಂದು ಆಂಪಿಯರ್ ಧಾರಾಳವಾಯಿತು. ಉಳಿದದ್ದೆಲ್ಲ ಚಹಾದಂಗಡಿಯವನಿಗೆ, ಕಾಟಾದ ಗುಮಾಸ್ತನಿಗೆ, ಮುಖ್ಯವಾಗಿ ಪಕ್ಕದ ಟ್ರ್ಯಾಕ್ಟರಿನವನಿಗೆ. ಅವನೂ ತನ್ನ ಬಾಕ್ಸನ್ನು ಇವನಿಗಾಗಿಯೇ ಹಚ್ಚಿರುತ್ತಾನೆ. ಹೀಗೆ ಇಬ್ಬರೂ ತಂತಮ್ಮ ಬ್ಯಾಟರಿ ಸುಟ್ಟುಕೊಂಡು ಒಬ್ಬರ ಹಾಡನ್ನೊಬ್ಬರು ಕೇಳಿಸದಂತೆ ಮಾಡುವ ಸಹಕಾರ ತತ್ವ ಸಹಕಾರಿ ಕಾರ್ಖಾನೆಯ ಅಂಗಳದಲ್ಲೂ ನಡೆಯುತ್ತದೆ, ಖಾಸಗಿಯದರಲ್ಲೂ.

ಎಂಜಿನ್ ಚಾಲೂ ಇಟ್ಟರಾಯಿತಲ್ಲ ಎನ್ನುವವರಿದ್ದಾರೆ. ಇಡಬಹುದು; ನಿಂತಲ್ಲೇ ತಾಸಿಗೆ ಲೀಟರಿನಷ್ಟು ಡೀಸೆಲ್ ಹೋಗುತ್ತದೆ, ನಿಧಾನ ಓಟದಲ್ಲಿ ಆಲ್ಟರ್ನೇಟರ್ ಪೂರ್ತಿ ಕೊಡುವುದೂ ಇಲ್ಲ. ಪೆನ್‌ಡ್ರೈವಿನ ಪುಕ್ಕಟೆ ಹಾಡಿಗೆ ತಾಸಿಗೆ ತೊಂಬತ್ತು ರೂಪಾಯಿಯ ಆಸುಪಾಸು ಬಾಡಿಗೆ ಕೊಟ್ಟಂತಾಯಿತು. ಇಳಿಜಾರಿನಲ್ಲಿ ನಿಲ್ಲಿಸುವುದು ಹಿರಿಯರ ಉಪಾಯ, ನಾನು ಅದಕ್ಕೆ ಕೈಮುಗಿಯುತ್ತೇನೆ. ಆದರೆ ಎರಿ ಭೂಮಿಯ ಈ ಬಯಲಿನಲ್ಲಿ ಪಾಳಿಯವರಿಗೆಲ್ಲ ಸಾಲುವಷ್ಟು ಇಳಿಜಾರು ಎಲ್ಲಿಂದ ತರುವುದು? ಎರಡು ಟ್ರೇಲರ್ ಕಬ್ಬು ತುಂಬಿದ ಮೇಲೆ "ದಬ್ರಿ" ಎನ್ನುವ ಧೈರ್ಯ ಯಾರಿಗೂ ಇರುವುದಿಲ್ಲ.

ಹಾಡಿಲ್ಲದಿದ್ದರೆ ನಿದ್ದೆ ಬರುತ್ತದೆ ಎಂಬ ಆಕ್ಷೇಪ ಮಾತ್ರ ತೂಕದ್ದು. ರಾತ್ರಿ ಒಂಟಿಯಾಗಿ ಗಾಡಿ ಹೊಡೆಯುವವನಿಗೆ ಹಾಡು ಜೊತೆಗಾರ, ಒಪ್ಪಿದೆ. ಆಗ ಎಂಜಿನ್ ಓಡುತ್ತಿರುತ್ತದೆ, ಬ್ಯಾಟರಿಯ ಚಿಂತೆಯೂ ಇಲ್ಲ; ಹಿಂದಿನ ಲಾರಿಯ ಹಾರ್ನ್ ಕೇಳುವಷ್ಟು ಸಣ್ಣಗಿದ್ದರೆ ಸಾಕು. ಪಾಳಿಯಲ್ಲಿ ನಿಂತಾಗ ಅವನಿಗೆ ಬೇಕಾದದ್ದು ನಿದ್ದೆಯೇ. ಇನ್ನು ಊರಿಗೇ ಕೇಳಿಸಬೇಕೆಂಬ ಹಟವಿದ್ದವರು ಕ್ಯಾಂಪರ್‌ವ್ಯಾನಿನವರು ಮಾಡಿದ್ದನ್ನೇ ಮಾಡಲಿ: ಸೆಲ್ಫಿಗೊಂದು, ಸಂಸಾರಕ್ಕೊಂದು ಬ್ಯಾಟರಿ. ಸೆಲ್ಫಿನದು ತೆಳು ಫಲಕಗಳ ಬ್ಯಾಟರಿ, ಒಮ್ಮೆ ಗುದ್ದಿ ಸುಮ್ಮನಾಗುವಂಥದ್ದು. ಸಾವಕಾಶ ಕರೆಂಟು ಕೊಡಲು ಮನೆಯ ಇನ್ವರ್ಟರಿಗೆ ಹಾಕುವ ದಪ್ಪ ಫಲಕದ ಟ್ಯೂಬ್ಯುಲರ್ ಬ್ಯಾಟರಿಯೇ ಲೇಸು. ನಡುವೆ ಒಂದು ರಿಲೇ ಕೂಡಿಸಿದರೆ ಎಂಜಿನ್ ಓಡುವಾಗ ಎರಡೂ ಚಾರ್ಜ್ ಆಗುತ್ತವೆ, ನಿಂತಾಗ ಬೇರಾಗುತ್ತವೆ. ಅಣ್ತಮ್ಮಂದಿರು ದುಡಿಯುವಾಗ ಕೂಡಿದ್ದು ಉಣ್ಣುವಾಗ ಪಾಲಾದಂತೆ.

ಅಷ್ಟು ಖರ್ಚು ಬೇಡವೆಂದರೆ ಕೆಂಪು ಅಂಕಿ ತೋರಿಸುವ ಬೆರಳುದ್ದದ ವೋಲ್ಟ್‌ಮೀಟರ್ ಒಂದನ್ನು ಡ್ಯಾಶ್‌ಬೋರ್ಡಿಗೆ ಹಚ್ಚಿಸಿ. ತುಂಬಿದ ಬ್ಯಾಟರಿ 12.6 ತೋರಿಸುತ್ತದೆ. ಹಾಡಿನ ನಡುವೆ ಆಗಾಗ ಬಾಕ್ಸ್ ಬಂದ್ ಮಾಡಿ ನೋಡಿ, 12.2 ಕಂಡರೆ ಅರ್ಧ ಮುಗಿಯಿತೆಂದು ತಿಳಿದು ಮತ್ತೆ ಹಚ್ಚಬೇಡಿ, ರೇಡಿಯೋ ಇರಲಿ. ಅದನ್ನೂ ಮೀರಿ ನಸುಕಿನಲ್ಲಿ 'ಟಕ್' ಎಂದರೆ, ವೈರ್ ಹಚ್ಚಿ ಸ್ಟಾರ್ಟ್ ಮಾಡಿಕೊಳ್ಳಲು ಪಕ್ಕದ ಟ್ರ್ಯಾಕ್ಟರಿನವನನ್ನು ಎಬ್ಬಿಸುವ ಮುಂಚೆ, ಅವನ ಬಾಕ್ಸ್ ಎಷ್ಟು ಹೊತ್ತಿನಿಂದ ಹಾಡುತ್ತಿದೆ ಎಂದು ವಿಚಾರಿಸಿಕೊಳ್ಳಿ.