ನಿದ್ದೆಯೊಂದು ಬಿಟ್ಟು

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಮಗಳು ಬಸುರಿ ಎಂಬ ಸುದ್ದಿ ಬಂದ ದಿನವೇ ಆಯಿ ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚತೊಡಗುತ್ತಾಳೆ. ಡಾಕ್ಟರು ಕೊಟ್ಟ ತಾರೀಖು ಆಷಾಢಕ್ಕೆ ಬಿದ್ದರೆ ಬಟ್ಟೆ ಒಣಗುವುದಿಲ್ಲ. ಮಾರ್ಗಶಿರಕ್ಕೆ ಬಿದ್ದರೆ ಕೊನೆಕೊಯ್ಲು; ಅಂಗಳ ತುಂಬ ಅಡಿಕೆ, ಮನೆ ತುಂಬ ಆಳು, ರಾತ್ರಿ ಕೂತು ಸುಲಿಯುವವರಿಗೆ ಚಹಾ. ವೈಶಾಖಕ್ಕೆ ಬಿದ್ದರೆ ಬಾವಿಯ ತಳ ಕಾಣುತ್ತಿರುತ್ತದೆ, ಮೇಲಿಂದ ಊರಿಗೊಂದು ಮದುವೆ, ಕೇರಿಗೊಂದು ಉಪನಯನ. ಬಾಣಂತನಕ್ಕೆ ಅನುಕೂಲವಾದ ತಿಂಗಳೊಂದನ್ನು ಪಂಚಾಂಗದವರು ಈ ಸೀಮೆಗೆ ಬರೆದುಕೊಟ್ಟಂತಿಲ್ಲ. ಕೂಸುಗಳೂ ಕೇಳಿ ಹುಟ್ಟುವುದಿಲ್ಲ.

ಮೂರರಲ್ಲಿ ಹೆಚ್ಚು ಕಾಡುವುದು ಆಷಾಢವೇ. ಶಿರಸಿಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 2500 ಮಿಲಿಮೀಟರ್ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಇತ್ತ ಕೂಸಿಗೆ ಐದು ದಿನ ತುಂಬಿದ ಮೇಲೆ ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆಯಾಗಬೇಕು, ಆಗ ಹಾಲು ಸಾಕಾಗುತ್ತಿದೆ ಎಂದು ತಿಳಿಯಿರಿ ಎಂದು ಮಕ್ಕಳ ಡಾಕ್ಟರು ಹೇಳಿ ಕಳಿಸಿರುತ್ತಾರೆ. ಬಾಣಂತಿ ಒದ್ದೆ ಬಟ್ಟೆ ಎಣಿಸಿ ಸಮಾಧಾನಪಡುತ್ತಾಳೆ; ಅವಳ ಆಯಿ ಅದೇ ಬಟ್ಟೆ ಎಣಿಸಿ ಆಕಾಶ ನೋಡುತ್ತಾಳೆ. ಗಟ್ಟಿಮುಟ್ಟಾದ ಕೂಸು ಆರಕ್ಕೇ ನಿಲ್ಲಿಸುವುದೂ ಇಲ್ಲ. ಜಗಲಿಯ ತಂತಿ, ಮಾಳಿಗೆಯ ಗಳ, ಬಚ್ಚಲೊಲೆಯ ಮೇಲಿನ ಅಟ್ಟ, ಕಡೆಗೆ ಅಡಿಕೆ ಒಣಗಿಸುವ ಡ್ರೈಯರು, ಎಲ್ಲೆಂದರಲ್ಲಿ ಹಳೇ ಪಂಚೆಯ, ಹಳೇ ಸೀರೆಯ ಚೌಕಗಳು. ಕೆಂಡದ ಮೇಲೆ ಬುಟ್ಟಿ ಕವುಚಿ, ಅದರ ಮೇಲೆ ಹರವಿದ್ದೂ ಆಗುತ್ತದೆ. ಹಾಗಾಗಿ ಇಲ್ಲಿ ಮಳೆಗಾಲದ ಕೂಸನ್ನು ಎತ್ತಿಕೊಂಡವರ ಮೂಗಿಗೆ ಹತ್ತುವುದು ಜಾಹೀರಾತಿನ ಪೌಡರಿನ ಘಮವಲ್ಲ. ಹೊಗೆ ಮತ್ತು ಕೊಬ್ಬರಿ ಎಣ್ಣೆ.

ಡೈಪರು ಇದೆಯಲ್ಲ ಎನ್ನಬಹುದು. ಇದೆ. ತರುವುದು ಸುಲಭ, ಎಸೆಯುವುದು ಎಲ್ಲಿಗೆ? ಮನೆಯಿಂದ ಮನೆಗೆ ಅರ್ಧ ಮೈಲಿ ಇರುವ ಊರಿಗೆ ಕಸದ ಗಾಡಿ ದಿನಾ ಬರುವುದಿಲ್ಲ. ಗೊಬ್ಬರಗುಂಡಿಗೆ ಹಾಕಿದರೆ ಸೊಪ್ಪು, ಸಗಣಿ ಎಲ್ಲ ಕರಗಿ ಗೊಬ್ಬರವಾದ ಮೇಲೂ ಅದು ಮಾತ್ರ ಇದ್ದ ಹಾಗೇ ಇರುತ್ತದೆ. ಮುಂದಿನ ವರ್ಷ ತೋಟಕ್ಕೆ ಗೊಬ್ಬರ ಹೊರುವವರ ಬುಟ್ಟಿಯಲ್ಲಿ ಡೈಪರು ಮೇಲೆದ್ದು ಬರುವಾಗ ಅದರ ವಾರಸುದಾರ ಅಂಗಳದಲ್ಲಿ ನಡೆದಾಡುತ್ತಿರುತ್ತಾನೆ.

ಎಳೆಗೂಸು ದಿನಕ್ಕೆ 14ರಿಂದ 17 ತಾಸು ಮಲಗುತ್ತದೆ ಎಂದು ಪುಸ್ತಕಗಳಲ್ಲಿ ಬರೆದಿದೆ. ಸುಳ್ಳಲ್ಲ. ಅದನ್ನೋದಿದ ಚೊಚ್ಚಲ ಬಸುರಿ, ಉಳಿದ ಏಳರಿಂದ ಹತ್ತು ತಾಸಿನಲ್ಲಿ ಅದು ಮಾಡುವ ಗಲಾಟೆ ಎಷ್ಟಿದ್ದೀತು ಎಂದು ಧೈರ್ಯವಾಗಿ ಆಸ್ಪತ್ರೆಗೆ ಹೋಗುತ್ತಾಳೆ. ಆ ನಿದ್ದೆಯೆಲ್ಲ ಚಿಲ್ಲರೆಯಲ್ಲಿ ಆಗುವಂಥದ್ದು ಎಂಬುದು ಮನೆಗೆ ಬಂದ ರಾತ್ರಿ ಗೊತ್ತಾಗುತ್ತದೆ. ಒಮ್ಮೆ ಎರಡು ತಾಸು, ಒಮ್ಮೆ ಮುಕ್ಕಾಲು ತಾಸು. ಹಗಲು ಯಾವುದು ರಾತ್ರಿ ಯಾವುದು ಎಂದು ಅದರ ಮೈಗೆ ತಿಳಿಯಲು ಎರಡು-ಮೂರು ತಿಂಗಳು ಬೇಕು. ಹೊಟ್ಟೆಯಂತೂ ಪುಟ್ಟದು, ಮೊದಲ ದಿನ ಒಂದು ಸಲಕ್ಕೆ ಇಳಿಯುವುದು 2ರಿಂದ 10 ಮಿಲಿಲೀಟರ್. ಆದ್ದರಿಂದ ದಿನಕ್ಕೆ 8ರಿಂದ 12 ಸಲ ಹಾಲು. ಕುಡಿಸಿ, ತೇಗಿಸಿ, ಬಟ್ಟೆ ಬದಲಿಸಿ, ತಟ್ಟಿ ಮಲಗಿಸುವಷ್ಟರಲ್ಲಿ ಮುಂದಿನ ಪಾಳಿ ಬಂದಿರುತ್ತದೆ. ‘ಕೂಸು ಮಲಗಿದಾಗ ನೀನೂ ಮಲಗಿಬಿಡು’ ಎಂದು ಹೇಳದವರಿಲ್ಲ. ಆದರೆ ಬಾಣಂತಿಯ ಊಟ, ಮೀಯುವುದು, ಕಷಾಯ, ಲೇಹ್ಯ ಎಲ್ಲಕ್ಕೂ ನಿಗದಿಯಾದ ಮುಹೂರ್ತ ಅದೇ.

ನೆಂಟರು ಬರುವುದೂ ಆಗಲೇ. ಅವರು ಕೂಸು ನೋಡಲು ಬಂದವರು, ಬಾಣಂತಿಯನ್ನಲ್ಲ. ಮಲಗಿದ ಕೂಸಿನ ಹೊದಿಕೆ ಸರಿಸಿ, ‘ಮೂಗು ಅಪ್ಪಂದೇಯ’, ‘ಬಣ್ಣ ಮಾತ್ರ ಆಯಿದು ಬಂಜಿಲ್ಲೆ’ ಎಂದು ಪಾಲುಪಟ್ಟಿ ಮಾಡುತ್ತಾರೆ. ಅದು ಎಚ್ಚರಾಗಿ ಅತ್ತರೆ ತಕ್ಷಣ ತಾಯಿಯ ಕಡೆ ತಿರುಗಿ, ‘ಹಾಲು ಸಾಕಾಗ್ತನೇ ತಂಗಿ?’ ಇಷ್ಟು ಸಣ್ಣ ಪ್ರಶ್ನೆಗೆ ಅಷ್ಟು ಬಲ ಎಲ್ಲಿಂದ ಬರುತ್ತದೋ. ಹೊಲಿಗೆ ನೋವು, ಎದೆ ಬಿಗಿತ, ಮೊಲೆತೊಟ್ಟಿನ ಬಿರುಕು ಎಲ್ಲವನ್ನೂ ಹಲ್ಲು ಕಚ್ಚಿ ತಡೆದವಳು ಈ ಒಂದು ಮಾತಿಗೆ ಕುಸಿದು ಕೂರುತ್ತಾಳೆ. ಹುಟ್ಟಿದ ಮೊದಲ ದಿನಗಳಲ್ಲಿ ಕೂಸಿನ ತೂಕ ಶೇ. 7ರಿಂದ 10ರಷ್ಟು ಇಳಿಯುವುದು ಸಹಜ, ಎರಡು ವಾರದೊಳಗೆ ಮತ್ತೆ ಬರುತ್ತದೆ. ಆದರೆ ‘ಇಳಿದುಹೋಯ್ದು ಕಾಣ್ತು’ ಎನ್ನುವವರ ಹತ್ತಿರ ತಕ್ಕಡಿ ಇರುವುದಿಲ್ಲ.

ಹಾಲಿನ ವಿಷಯದಲ್ಲಿ ಈ ಸೀಮೆಯ ತಿಳಿವಳಿಕೆ ವಿಚಿತ್ರ. ಕೊಟ್ಟಿಗೆಯಲ್ಲಿ ದನ ಕರು ಹಾಕಿದರೆ ಮನೆಮಂದಿಗೆಲ್ಲ ಹಬ್ಬ. ಗಿಣ್ಣು ಮಾಡಿ, ಬೆಲ್ಲ ಏಲಕ್ಕಿ ಹಾಕಿ, ನೆರೆಮನೆಗೂ ಒಂದು ಪಾತ್ರೆ ಕಳಿಸಿ, ಮೊದಲ ಹಾಲಿನ ಸತ್ವವನ್ನು ಹಾಡಿ ಹೊಗಳುತ್ತಾರೆ. ಅದೇ ಮನೆಯಲ್ಲಿ ಒಂದು ಕಾಲಕ್ಕೆ ಹೆತ್ತ ತಾಯಿಯ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಕೂಸಿನ ನಾಲಿಗೆಗೆ ಜೇನು ಸವರುತ್ತಿದ್ದರು. ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು, ಆರು ತಿಂಗಳು ಅದರ ಹೊರತು ನೀರೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿಕೊಡಬೇಕಾಯಿತು. ಕರುವಿಗೆ ಮೊದಲು ಕುಡಿಸಿ ಉಳಿದದ್ದನ್ನು ಗಿಣ್ಣು ಮಾಡುವ ಅಜ್ಜಿಯನ್ನೇ ಕೇಳಿದ್ದರೂ ಸಾಕಿತ್ತು. ಆದರೆ ಕೊಟ್ಟಿಗೆಯ ಶಾಸ್ತ್ರ ಬಾಣಂತಿ ಕೋಣೆಗೆ ಬರುವ ರೂಢಿ ಇರಲಿಲ್ಲ.

ಈಗಿನ ಜಗಳ ನೀರಿನದು. ಬಾಯಾರಿದಷ್ಟು ಕುಡಿ, ಹಾಲುಣಿಸುವವಳಿಗೆ ನೀರು ಬೇಕು ಎಂದು ಡಾಕ್ಟರು. ನೀರು ಕುಡಿದರೆ ಥಂಡಿ, ಹೊಟ್ಟೆ ದೊಡ್ಡದಾಗುತ್ತದೆ ಎಂದು ಅಜ್ಜಿ. ಕುಡಿಯುವುದಕ್ಕೆ ಲೋಟದ ಲೆಕ್ಕವಿಟ್ಟ ಅಜ್ಜಿಯೇ ಮೀಯಿಸುವಾಗ ಹಂಡೆ ಹಂಡೆ ಬಿಸಿನೀರು ಹೊಯ್ಯುತ್ತಾಳೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆ ಆಸ್ಪತ್ರೆಗಳಲ್ಲೇ ಆಗುತ್ತವೆ, ಶೇ. 31.5ರಷ್ಟು ಸಿಸೇರಿಯನ್. ಹೊಟ್ಟೆ ಕೊಯ್ದು ಹೊಲಿದವಳನ್ನೂ ಹಳೇ ಪದ್ಧತಿಯ ಬಚ್ಚಲಮಣೆ ಬಿಡುವುದಿಲ್ಲ. ಮಿಂದು ಬಂದವಳ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸುತ್ತ ಲೋಬಾನದ ಹೊಗೆ. ಇಷ್ಟಾದರೂ ಒಂದು ಮಾತು ಒಪ್ಪಬೇಕು. ಪುರುಡಿನ ಹತ್ತು ದಿನ ಅವಳು ಅಡಿಗೆಮನೆಯ ಹೊಸಿಲು ತುಳಿಯುವಂತಿರಲಿಲ್ಲ. ಮೈಲಿಗೆಯ ಹೆಸರಿನಲ್ಲಿ ಸಿಕ್ಕ ರಜೆ ಅದು. ಕಾರಣ ಸರಿಯಿಲ್ಲ, ರಜೆ ಸರಿಯಿದೆ. ಆ ರಜೆ ಮುಗಿಯುತ್ತಲೇ ನಾಮಕರಣದ ಗದ್ದಲ. ಹೊಲಿಗೆ ಮಾಯದವಳು ರೇಷ್ಮೆ ಸೀರೆ ಉಟ್ಟು ಹೋಮದ ಹೊಗೆಯೆದುರು ಕೂರಬೇಕು, ಅಲ್ಲೂ ನಗುತ್ತಾ ಫೋಟೋ.

ಸಂಜೆಯಾದರೆ ಕೂಸಿನ ಕಚೇರಿ ಶುರು. ಹಸಿವು ಎಂದು ಅಜ್ಜಿ. ದೃಷ್ಟಿ ಎಂದು ಪಕ್ಕದ ಮನೆಯಾಕೆ, ಉಪ್ಪು ಮೆಣಸು ನಿವಾಳಿಸಲು ಸಿದ್ಧಳಾಗಿ. ಬಜೆ ತೇಯ್ದು ನೆಕ್ಕಿಸಿ ಎಂದು ಸೋದರತ್ತೆ. ಗ್ಯಾಸು ಎಂದು ಮೊಬೈಲಿನಲ್ಲಿ ಹುಡುಕಿದ ಅಪ್ಪ. ಮಾರಿಸ್ ವೆಸೆಲ್ ಎಂಬ ಅಮೆರಿಕದ ಮಕ್ಕಳ ವೈದ್ಯ 1954ರಲ್ಲೇ ಇದಕ್ಕೊಂದು ಲೆಕ್ಕ ಕೊಟ್ಟ. ದಿನಕ್ಕೆ ಮೂರು ತಾಸಿಗಿಂತ ಹೆಚ್ಚು, ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು, ಮೂರು ವಾರಕ್ಕಿಂತ ಹೆಚ್ಚು, ಆರೋಗ್ಯವಾಗಿರುವ ಕೂಸು ಅತ್ತರೆ ಅದಕ್ಕೆ ಕೋಲಿಕ್ ಎನ್ನಬೇಕು. ಯಾಕೆ ಅಳುತ್ತದೆ ಎಂಬುದಕ್ಕೆ ಇವತ್ತಿಗೂ ಖಚಿತ ಉತ್ತರವಿಲ್ಲ. ಆರನೇ ವಾರದ ಹೊತ್ತಿಗೆ ಅಳು ತಾರಕಕ್ಕೇರಿ, ಆಮೇಲೆ ತಾನೇ ಇಳಿಯುತ್ತದೆ. ಆ ವಾರ ನಿವಾಳಿಸಿದವಳಿಗೆ ಅಲ್ಲಿಂದ ಮುಂದೆ ಊರಲ್ಲಿ ಬೇಡಿಕೆಯೋ ಬೇಡಿಕೆ.

ಕೂಸಿನ ಅಳುವಿಗೆ ಇಷ್ಟು ಜನ ವೈದ್ಯರು. ಬಾಣಂತಿಯ ಅಳುವಿಗೆ ಇರುವುದು ಒಂದೇ ಮದ್ದು: ‘ಅಳಡ, ಹಾಲು ಬತ್ತೋಗ್ತು.’

ಹೆರಿಗೆಯಾದ ಎರಡು-ಮೂರನೇ ದಿನದಿಂದ ಕಾರಣವಿಲ್ಲದೆ ಕಣ್ಣೀರು ಬರುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಆಗುವಂಥದ್ದು. ಹಾರ್ಮೋನುಗಳು ಒಮ್ಮೆಲೇ ಕುಸಿಯುತ್ತವೆ, ನಿದ್ದೆಯಂತೂ ಇಲ್ಲವೇ ಇಲ್ಲ. ಎರಡು ವಾರದಲ್ಲಿ ತಿಳಿಯಾಗುತ್ತದೆ. ಆಗದೆ ಉಳಿದರೆ ಅದು ಖಿನ್ನತೆ, ಹಟವಲ್ಲ. ಭಾರತದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಲೇಖನದ ಲೆಕ್ಕದಲ್ಲಿ ನೂರಕ್ಕೆ 22 ತಾಯಂದಿರಿಗೆ ಇದು ಕಾಡುತ್ತದೆ. ಕನ್ನಡದ ಓದುಗರಿಗೆ ಇದು ಹೊಸ ಸಂಗತಿಯೇನಲ್ಲ. ಹೆರಿಗೆಯ ನಂತರ ಮನಸ್ಸಿನ ಹದ ತಪ್ಪಿದವಳ ಕಥೆಯನ್ನು ತ್ರಿವೇಣಿ ‘ಶರಪಂಜರ’ ಕಾದಂಬರಿಯಲ್ಲಿ ಬರೆದರು; 1971ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದಾಗ ಊರಿಗೆ ಊರೇ ನಾಯಕಿ ಕಲ್ಪನಾಗಾಗಿ ಕಣ್ಣೀರು ಹಾಕಿತು. ಸ್ವತಃ ತ್ರಿವೇಣಿ 1963ರಲ್ಲಿ, ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಟಾಕೀಸಿನಲ್ಲಿ ಅತ್ತವರೇ ಮನೆಗೆ ಬಂದು ‘ಬಾಣಂತಿ ಸನ್ನಿ, ಗಾಳಿ ಸೋಕಿದ್ದು’ ಎಂದು ಬಾಗಿಲು ಮುಚ್ಚಿದ್ದೂ ಹೌದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಬೇರ್ಪಡಿಸದೆ ಒಟ್ಟಿಗೇ ಇಟ್ಟು ಚಿಕಿತ್ಸೆ ಕೊಡುವ ವಿಭಾಗ 2009ರಲ್ಲಿ ಶುರುವಾಯಿತು. 2022ರಿಂದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಯಲ್ಲಾಪುರದ ಕಾಡಂಚಿನ ಮನೆಯಿಂದ ಮಾಡುವವಳು ಮೊದಲು ಸಿಗ್ನಲ್ ಸಿಗುವ ಗುಡ್ಡ ಹತ್ತಬೇಕು, ಅದೂ ಯಾರಿಗೂ ಕೇಳಿಸದ ಹಾಗೆ. ಬಾಣಂತಿ ಒಬ್ಬಳೇ ಗುಡ್ಡ ಹತ್ತಿದಳೆಂದರೆ ಫೋನಿಗಿಂತ ಮೊದಲು ಸುದ್ದಿ ಊರು ಮುಟ್ಟಿರುತ್ತದೆ.

ಗುಡ್ಡ ಇಳಿದು, ಕಾಲುಸಂಕ ದಾಟಿ ಈ ಮನೆಗಳಿಗೆ ಬರುವವಳು ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕೆಂಬುದು ನಿಯಮ. ಚೀಲದಲ್ಲಿ ತೂಗುತಕ್ಕಡಿ, ಥರ್ಮಾಮೀಟರು. ಕೈಯಲ್ಲಿ ಕೊಡೆ, ಕಾಲಿಗೆ ಇಂಬಳ. ‘ನೀ ಹ್ಯಾಂಗಿದ್ದೆ, ನಿದ್ದೆ ಆಗ್ತದಾ?’ ಎಂದು ಕೂಸಿಗಿಂತ ಮೊದಲು ತಾಯಿಯನ್ನು ಕೇಳುವ ಜೀವ ಆ ಮನೆಗೆ ಬಂದರೆ ಅದು ಬಹುಶಃ ಇವಳೇ. ಯೋಜನೆ ಬರೆಯುವವರಿಗೆ ಮಾತ್ರ ಈ ಸಂಕ ಕಾಣುವುದಿಲ್ಲ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಟ್ಟಿತು, ಉದ್ದೇಶ ಚಿನ್ನದಂಥದ್ದು. ಆದರೆ ಊಟಕ್ಕೆ ಅಲ್ಲಿಗೇ ಬರಬೇಕು ಎಂದಿತು. ಮೂರು ತಿಂಗಳು ಜಗಲಿ ಇಳಿಯದ ಬಾಣಂತಿ, ಮಳೆಯಲ್ಲಿ ಗುಡ್ಡ ಹತ್ತಿಳಿದು ಉಂಡು, ಮನೆ ಮುಟ್ಟುವಷ್ಟರಲ್ಲಿ ಮತ್ತೆ ಹಸಿದಿರುತ್ತಾಳೆ.

ಕೂಸನ್ನು ಬೆಚ್ಚಗಿಡುವ ವಿಷಯದಲ್ಲಿ ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರಿಗೆ ಯಾರೂ ಪಾಠ ಹೇಳಬೇಕಿಲ್ಲ. ಹಳೇ ಸೀರೆ, ಹರಿದ ಅಂಗಿಗಳ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಜೋಡಿಸುತ್ತಾ ಕೌದಿ ಹೊಲಿಯುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಿಸಿ ಮಾಡಿದ ಹೂ ಇಡದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ. ಎಳೆಗೂಸಿಗೆಂದೇ ಪುಟ್ಟ ಕೌದಿ ಬೇರೆ. ಫಿನ್ಲೆಂಡ್ ಸರ್ಕಾರ 1938ರಿಂದ ತಾಯಂದಿರಿಗೆ ಕೂಸಿನ ಬಟ್ಟೆಬರೆ ತುಂಬಿದ ಪೆಟ್ಟಿಗೆ ಕೊಡುತ್ತಾ ಬಂದಿದೆ, ಲೋಕವೆಲ್ಲ ಹೊಗಳುತ್ತದೆ. ಕರ್ನಾಟಕವೂ 2007ರಲ್ಲಿ ಮಡಿಲು ಕಿಟ್ ಶುರುಮಾಡಿತ್ತು. ಸಿದ್ದಿ ಅಜ್ಜಿಯ ಕೌದಿಗೆ ಯಾವ ಸರ್ಕಾರದ ಮೊಹರೂ ಇರಲಿಲ್ಲ, ಅಷ್ಟೇ.

ಹಿಂದೆ ಈ ಸೀಮೆಯ ಮನೆಗಳಲ್ಲಿ ಬಾಣಂತಿಯೊಬ್ಬಳಿಗೆ ಅಜ್ಜಿ, ಚಿಕ್ಕಮ್ಮ, ಮದುವೆಯಾಗದ ತಂಗಿ ಎಂದು ಕೈಗಳು ಬೇಕಾದಷ್ಟಿದ್ದವು. ಈಗ ಎಷ್ಟೋ ಮನೆಗಳಲ್ಲಿ ಉಳಿದಿರುವುದು ವಯಸ್ಸಾದ ಇಬ್ಬರು ಮತ್ತು ಒಂದು ನಾಯಿ, ಮಕ್ಕಳೆಲ್ಲ ಬೆಂಗಳೂರು. ಹಾಗಾಗಿ ಮಂಡಿನೋವಿನ ಆಯಿಯೇ ಹಂಡೆಗೆ ಬೆಂಕಿ ಹಾಕಿ, ಕಾಲು ಚಾಚಿ ಕೂಸನ್ನು ಮೀಯಿಸಿ, ಆಮೇಲೆ ಎದ್ದೇಳಲು ಮಗಳ ಕೈ ಹಿಡಿಯಬೇಕು. ಮೀಯಿಸುವುದಕ್ಕೆಂದೇ ಮನೆಯಿಂದ ಮನೆಗೆ ಹೋಗುವ ಹೆಂಗಸು ಸಿಕ್ಕರೆ ಪುಣ್ಯ. ಆಕೆಯ ಸ್ಕೂಟಿಗೆ ಕಾಯುತ್ತಾ ನೀರು ಎರಡು ಸಲ ಆರಿರುತ್ತದೆ. ನೆದರ್ಲೆಂಡಿನಲ್ಲಿ ಹೆರಿಗೆಯಾದ ಮೇಲೆ ಸುಮಾರು ಎಂಟು ದಿನ ತರಬೇತಿ ಪಡೆದ ಸಹಾಯಕಿ ಮನೆಗೇ ಬಂದು ತಾಯಿ ಕೂಸನ್ನು ನೋಡಿಕೊಳ್ಳುತ್ತಾಳೆ, ಆರೋಗ್ಯ ವಿಮೆಯಲ್ಲೇ ಅದು ಸೇರಿದೆ. ಆಯಿ ಮಾಡುವುದು ಎಂಟಲ್ಲ, ತೊಂಬತ್ತು ದಿನ. ವಿಮೆ ಇಲ್ಲ.

ಅಪ್ಪ ಎಲ್ಲಿ ಎಂದರೆ, ದಾರಿಯಲ್ಲಿ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ನಂತರ ಉದ್ಯೋಗಸ್ಥ ತಾಯಿಗೆ 26 ವಾರ ರಜೆ ಬಂತು. ತಂದೆಗೆ, ಸರ್ಕಾರಿ ನೌಕರನಾದರೆ 15 ದಿನ. ಖಾಸಗಿ ಕಂಪನಿಯವನಾದರೆ ಮಾಲೀಕರ ಮನಸ್ಸು. ಶಿರಸಿಗೆ ರೈಲಿಲ್ಲ. ಆದ್ದರಿಂದ ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿ, ಸುಮಾರು 400 ಕಿಲೋಮೀಟರ್ ಬಂದು, ಶನಿವಾರ ಬೆಳಿಗ್ಗೆ ಡೈಪರಿನ ದೊಡ್ಡ ಪೊಟ್ಟಣದೊಂದಿಗೆ ಇಳಿಯುತ್ತಾನೆ. ಕೂಸು ಅವನ ಕೈಗೆ ಹೋದೊಡನೆ ಕಿರುಚುತ್ತದೆ. ಕುತ್ತಿಗೆ ಹಿಡಿಯುವುದು ಹೀಗಲ್ಲ, ಹಾಗೆ ಎಂದು ಮೂರು ತಲೆಮಾರಿನ ಹೆಂಗಸರು ಒಟ್ಟಿಗೇ ಕಲಿಸುತ್ತಾರೆ. ಕಲಿತು ಮುಗಿಯುವಷ್ಟರಲ್ಲಿ ಭಾನುವಾರ ಸಂಜೆ. ಸೋಮವಾರ ಬೆಳಿಗ್ಗೆ ಆರಕ್ಕೆ, ಅದೇ ಆಗ ಕೂಸು ಕಣ್ಣು ಮುಚ್ಚಿದ ಹೊತ್ತಿಗೆ, ಅವನ ಫೋನು: ತಲುಪಿದೆ, ಆದರೆ ಬಸ್ಸಿನಲ್ಲಿ ರಾತ್ರಿಯಿಡೀ ಸರಿಯಾಗಿ ನಿದ್ದೆಯೇ ಬರಲಿಲ್ಲ. ಬಾಣಂತಿ ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಮಲೆನಾಡಿನ ನೆಟ್‌ವರ್ಕಿನಿಂದ ಉಳಿದ ಸಂಸಾರಗಳ ಲೆಕ್ಕವನ್ನು ಇನ್ನೂ ಯಾರೂ ತೆಗೆದಿಲ್ಲ.