ರೈಡಣ್ಣನ ಪಾಯಿಂಟು

ನಮ್ಮ ಹಳೇಕೋಟೆ ಕಡೆ ಬೋರ್‌ವೆಲ್ ಕೊರೆಸುವ ಮುಂಚೆ ಪಾಯಿಂಟು ನೋಡಿಸುತ್ತಾರೆ. ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲವೆಲ್ಲ ಅಡ್ಡಾಡುತ್ತಾರೆ. ಕಾಯಿ ಎಲ್ಲಿ ಎದ್ದು ನಿಲ್ಲುತ್ತದೋ ಅಲ್ಲಿ ನೀರು. ನೀರು ಬಿದ್ದರೆ ಅವರ ಕೈಗುಣ. ಬರೀ ಧೂಳೆದ್ದರೆ ಅದಕ್ಕೂ ಅವರಲ್ಲಿ ಮಾತಿದೆ: "ನಾನು ತೋರಿಸಿದ್ದು ಇಲ್ಲಿ, ನೀವು ಕೊರೆಸಿದ್ದು ಎರಡಡಿ ಆಚೆ." ರೈಡಣ್ಣನ ತಂದೆ ಈ ವಿದ್ಯೆಯಲ್ಲಿ ಹೆಸರು ಮಾಡಿದವರು. ಮಗ ಬೆಂಗಳೂರಿಗೆ ಹೋಗಿ ಡೇಟಾ ಸೆಂಟರಿನಲ್ಲಿ ರಾತ್ರಿ ಪಾಳಿ ಮಾಡಿದ. 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದವನು ಹಿಂತಿರುಗಲಿಲ್ಲ. ಮನೆತನದ ಕಸುಬು ಕೈಬಿಟ್ಟನಲ್ಲ ಎಂದು ತಂದೆಗೆ ಕೊರಗು. ನನಗೆ ಹಾಗನ್ನಿಸಿಲ್ಲ. ಅಂಗೈ ಮೇಲಿನ ಕಾಯಿ ಹೋಗಿ ಡಿಸ್ಕ್ ಬಂದಿದೆ, ಅಷ್ಟೆ.

ರೈಡಣ್ಣ ಎನ್ನುವುದು ರೇಷನ್ ಕಾರ್ಡಿನಲ್ಲಿರುವ ಹೆಸರಲ್ಲ. ಮಳೆಯಿಂದ ಶುರುವಾಗಲಿ, ಆಲೂಗೆಡ್ಡೆ ರೇಟಿನಿಂದ ಶುರುವಾಗಲಿ, ಮೂರನೇ ಮಾತಿಗೆ ಅವನು ರೈಡ್‌ಗೆ, ಅಂದರೆ ಹಲವು ಡಿಸ್ಕುಗಳನ್ನು ಒಟ್ಟಿಗೆ ಹೂಡಿ ದುಡಿಸುವ ಏರ್ಪಾಟಿಗೆ, ಬಂದು ನಿಲ್ಲುತ್ತಾನೆ. ಹಾಗಾಗಿ ಊರೇ ಇಟ್ಟ ಹೆಸರು. ಪಂಚೆ ಮೇಲೆ ಕಂಪನಿಯವರು ಕೊಟ್ಟ ಟೀ ಶರ್ಟು. ಕೊರಳಲ್ಲಿ ಐಡಿ ಕಾರ್ಡಿನ ದಾರ. ಕಾರ್ಡಿನ ಜಾಗದಲ್ಲಿ ಟಿಲ್ಲರ್ ಕೀ ತೂಗುತ್ತಿರುತ್ತದೆ. ಡೈರಿಗೆ ಹಾಲು ಹಾಕುವ ಮನೆಯಲ್ಲಿ ಒಂದೇ ಹಸು ಇದ್ದರೆ ಇವನಿಗೆ ನಿದ್ದೆ ಬರುವುದಿಲ್ಲ. ಒಬ್ಬನೇ ಮಗನನ್ನು ದುಬೈಗೆ ಕಳಿಸಿದವರು ಎದುರಾದರೆ "ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್" ಎಂದು ಲೊಚಗುಟ್ಟುತ್ತಾನೆ. ಅವಳಿ ಮಕ್ಕಳ ನಾಮಕರಣಕ್ಕೆ ಹೋಗಿ, ತಾಯಿಯ ಎದುರೇ, "ಒಳ್ಳೇ ಮಿರರ್" ಎಂದು ಹರಸಿ ಬಂದವನು.

ಇವನ ಕೈಗೆ ನಾನು ಸಿಕ್ಕಿಬಿದ್ದದ್ದು ಮದುವೆಗಳ ದೆಸೆಯಿಂದ. ನನ್ನದು ಫೋಟೋ ಸ್ಟುಡಿಯೋ. ರೀಲಿನ ಕಾಲದಲ್ಲಿ ನೆಗೆಟಿವ್‌ಗಳು ಒಂದು ಬಾಟಾ ಡಬ್ಬದಲ್ಲಿ ಹಿಡಿಯುತ್ತಿದ್ದವು. ಈಗ ಎರಡು ವೀಡಿಯೋ ಕ್ಯಾಮೆರಾ, ಕ್ಯಾಂಡಿಡ್ ಹುಡುಗನದೊಂದು, ಮಾವಿನಕೆರೆ ಬೆಟ್ಟದ ಮೇಲೆ ಪ್ರೀವೆಡ್ಡಿಂಗಿಗೆ ಡ್ರೋನು. ಬೀಗರೂಟ ಮುಗಿಯುವ ಹೊತ್ತಿಗೆ ನಾಲ್ಕುನೂರು ಜೀಬಿ. ಅಳಿಸಿಬಿಡೋಣವೆಂದರೆ ಆಗದು. ಆರು ವರ್ಷದ ಮೇಲೆ ಯಾರೋ ಕೆಂಪು ಕಣ್ಣು ಮಾಡಿಕೊಂಡು ಬರುತ್ತಾರೆ: "ಅಜ್ಜ ಹೋಗ್ಬುಟ್ರು. ನಮ್ಮ ಚಿಕ್ಕಪ್ಪನ ಧಾರೇಲಿ ಹಿಂದೆ ನಿಂತಿದ್ರಲ್ಲ, ಅವರ ಮುಖ ಮಾತ್ರ ಕಟ್ ಮಾಡಿ ದೊಡ್ಡದು ಮಾಡ್ಕೊಡಿ, ಹಾರ ಹಾಕ್ಬೇಕು." ಅಂಥ ಹೊತ್ತಿನಲ್ಲಿ ಡಿಸ್ಕ್ ಕೆಟ್ಟಿದೆ ಅನ್ನಲು ನಾಲಗೆ ಏಳುವುದಿಲ್ಲ. ನಾಲ್ಕು ಡಿಸ್ಕ್ ಕೂರುವ ಒಂದು ಪೆಟ್ಟಿಗೆ ತರಬೇಕೆಂದುಕೊಂಡೆ. ಬಾಯ್ತಪ್ಪಿ ಟೀ ಅಂಗಡಿಯಲ್ಲಿ ಹೇಳಿದೆ.

"ವರ್ಕ್‌ಲೋಡ್ ಏನು?" ಎಂದ ರೈಡಣ್ಣ.

"ಮದುವೆ."

"ಅದಲ್ಲ ಸಾರ್. ರೀಡ್ ಜಾಸ್ತಿನೋ, ರೈಟ್ ಜಾಸ್ತಿನೋ?"

"ಮೊದಲ ವಾರ ರೈಟು. ಆಲ್ಬಂ ಆಗೋವರೆಗೆ ರೀಡು. ಆಮೇಲೆ ಗಂಡ ಹೆಂಡ್ತಿನೂ ನೋಡಲ್ಲ."

ಆ ಉತ್ತರ ಹಿಡಿದುಕೊಂಡು ಅವನು ಮೂರು ತಿಂಗಳು ತೆಗೆದುಕೊಂಡ.

ಮೊದಲು ಸ್ಥಳಪುರಾಣ. 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಎಂಬ ಮೂವರು ಒಂದು ಪ್ರಬಂಧ ಓದಿದರು. ಒಂದು ದೊಡ್ಡ ದುಬಾರಿ ಡಿಸ್ಕಿನ ಬದಲು ಹತ್ತಾರು ಅಗ್ಗದ ಡಿಸ್ಕುಗಳನ್ನು ನೊಗಕ್ಕೆ ಹೂಡಿದರೆ ಆಗದೇ ಎಂಬುದು ಅವರ ವಾದ. ರೈಡ್ ಎಂಬ ಹೆಸರಿನಲ್ಲಿರುವ 'ಐ' ಅಕ್ಷರಕ್ಕೆ ಆಗ ಅಗ್ಗದ್ದು ಎಂಬ ಅರ್ಥ. ಮಾರುವವರಿಗೆ ಅಗ್ಗ ಎಂದು ಬರೆದು ಹೆಚ್ಚಿಗೆ ವಸೂಲು ಮಾಡಲು ಮುಜುಗರವಾಗಿ, ಮುಂದೆ ಅದನ್ನು ಸ್ವತಂತ್ರ ಎಂದು ತಿದ್ದಿದರು. ಒಂದರಿಂದ ಐದರವರೆಗಿನ ಮಟ್ಟಗಳು ಆ ಪ್ರಬಂಧದಲ್ಲಿದ್ದವು. ಸೊನ್ನೆ, ಆರು, ಹತ್ತು ಆಮೇಲೆ ಬಂದು ಸೇರಿಕೊಂಡವು. ಸೊನ್ನೆಯ ಹೆಸರೆತ್ತಿದರೆ ರೈಡಣ್ಣ ಮುಖ ಕಿವುಚುತ್ತಾನೆ. ಅದು ಫೈಲನ್ನು ಚೂರು ಮಾಡಿ ಎಲ್ಲ ಡಿಸ್ಕಿಗೂ ಹಂಚುತ್ತದೆ. ಜೋಡೆತ್ತಿನ ಗಾಡಿ ಇದ್ದಂತೆ, ಓಟ ಜೋರು; ಆದರೆ ಒಂದೆತ್ತು ಕುಂಟಿದರೆ ಗಾಡಿಯೇ ಮಗುಚಿ ಎಲ್ಲವೂ ಹಳ್ಳಕ್ಕೆ.

"ಇದನ್ನ ಬರ್ಕ್ಲಿಯಿಂದ ಕಲೀಬೇಕಾಗಿರಲಿಲ್ಲ," ಎಂದು ಹಾಸನದ ದಿಕ್ಕಿಗೆ ಕೈ ತೋರಿದ. ಹಾಸನದಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ 1982ರಲ್ಲಿ ಶುರುವಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಸೆಪ್ಟೆಂಬರ್ ಹೊತ್ತಿಗೆ ಕೈಕೊಟ್ಟಿತು. 1983ರ ಆಗಸ್ಟ್ ಕೊನೆಗೆ 1ಬಿ ಹಾರಿ, ವರ್ಷಗಟ್ಟಲೆ ದುಡಿಯಿತು. "ಇನ್ನೊಂದು ಇರಬೇಕು ಸಾರ್. ಯಾವಾಗಲೂ ಇನ್ನೊಂದು ಇರಬೇಕು." ಹೀಗೆಂದು ಇನ್ನೊಂದು ಟೀ ಹೇಳಿದ, ನನ್ನ ಲೆಕ್ಕಕ್ಕೆ.

ರೈಡ್ ಐದನ್ನು ಅರ್ಥ ಮಾಡಿಸಿದ ದಿನ ನೀವೂ ಇರಬೇಕಿತ್ತು. ಟೀ ಅಂಗಡಿಯ ಕಲ್ಲುಬೆಂಚಿನ ಮೇಲೆ ನಾಲ್ಕು ಬಸಿ ಸಾಲಾಗಿ ಇಡಿಸಿದ. ಮೊದಲನೆಯದರಲ್ಲಿ ಒಂದು ಬಿಸ್ಕತ್ತು, ಎರಡನೆಯದು ಖಾಲಿ, ಮೂರನೆಯದರಲ್ಲಿ ಒಂದು. "ಒಟ್ಟು ಎರಡು, ಸಮ ಸಂಖ್ಯೆ. ಅದಕ್ಕೆ ನಾಲ್ಕನೇದು ಖಾಲಿ. ಬೆಸ ಬಂದಿದ್ರೆ ಅಲ್ಲೊಂದು ಬಿಸ್ಕತ್ತು ಇಟ್ಟು ಸಮ ಮಾಡ್ತಿದ್ದೆ. ಇದೇ ಪ್ಯಾರಿಟಿ." ಮೂರನೇ ಬಸಿಯ ಮೇಲೆ ಅಂಗೈ ಮುಚ್ಚಿದ. ತಂದೆ ಕಾಯಿ ಹಿಡಿಯುತ್ತಿದ್ದ ಅದೇ ಅಂಗೈ, ಬೋರಲಾಗಿತ್ತು. "ಈ ಡಿಸ್ಕ್ ಸತ್ತೋಯ್ತು. ಈಗ ಕಾಣ್ತಿರೋದು ಒಂದೇ. ಸಮ ಆಗಬೇಕು ಅಂದ್ರೆ ಈ ಕೈ ಕೆಳಗೆ ಒಂದು ಇರಲೇಬೇಕು."

"ಇರದೆ ಏನು, ನಾನೇ ಅಲ್ವಾ ಇಟ್ಟಿದ್ದು," ಎಂದರು ಅಂಗಡಿಯವರು.

ಪ್ಯಾರಿಟಿ ಒಂದೇ ಬಸಿಯಲ್ಲಿ ಕೂರುವುದಿಲ್ಲ, ಒಪ್ಪಂದದ ಮೇಲೆ ಪಂಚಾಯ್ತಿ ಅಧ್ಯಕ್ಷಗಿರಿ ತಿರುಗುವಂತೆ ನಾಲ್ಕಕ್ಕೂ ಸರದಿ ಬರುತ್ತದೆ ಎಂದು ಅವನು ವಿವರಿಸುತ್ತಿದ್ದ. ಅಷ್ಟರಲ್ಲಿ ಅಂಗಡಿಯವರ ಮೊಮ್ಮಗ ಬೆಂಚಿನ ಸಂದಿಯಿಂದ ಕೈ ತೂರಿಸಿ ಮೊದಲನೇ ಬಸಿ ಖಾಲಿ ಮಾಡಿದ. ರೈಡಣ್ಣ ತಿರುಗಿ ನೋಡಿ ಸ್ತಬ್ಧನಾದ.

"ಎರಡು ಹೋಯ್ತು," ಎಂದೆ. "ಈಗ?"

"ಈಗ ಏನೂ ಹೇಳಕ್ಕಾಗಲ್ಲ ಸಾರ್. ಎರಡರಲ್ಲೂ ಇದ್ದಿರಬಹುದು, ಎರಡರಲ್ಲೂ ಇಲ್ಲದೇ ಇರಬಹುದು. ಇದಕ್ಕೇ ರೈಡ್ ಆರು."

ಹುಡುಗನ ಗಲ್ಲ ಉಬ್ಬಿತ್ತು, ತುಟಿಯಂಚಿನಲ್ಲಿ ಚೂರೂ ಇತ್ತು. ಆದರೆ ಪ್ಯಾರಿಟಿ ಅಂಥ ಸಾಕ್ಷಿಯನ್ನು ಪರಿಗಣಿಸುವುದಿಲ್ಲವಂತೆ.

ನಾನು ವ್ಯಾಪಾರಸ್ಥ, ಲೆಕ್ಕ ಕೇಳಿದೆ. ನಾಲ್ಕು ಟೀಬಿಯ ನಾಲ್ಕು ಡಿಸ್ಕ್ ಹಾಕಿದರೆ ಸೊನ್ನೆಯಲ್ಲಿ ಹದಿನಾರು, ಐದರಲ್ಲಿ ಹನ್ನೆರಡು, ಆರರಲ್ಲಿ ಎಂಟು, ಹತ್ತರಲ್ಲೂ ಎಂಟು. "ನಾಲ್ಕಾಳಿಗೆ ಕೂಲಿ ಕೊಟ್ಟು ಇಬ್ಬರ ಕೆಲಸ ಮಾಡಿಸ್ಕೊಳ್ಳೋದಾ? ಇನ್ನಿಬ್ಬರು ಬದುವಿನ ಮೇಲೆ ಕೂತಿರ್ತಾರಾ?" ಎಂದೆ. "ಕೂತಿರೋದು ಹಾಟ್ ಸ್ಪೇರ್, ಅದು ಬೇಕಂದ್ರೆ ಐದನೇ ಡಿಸ್ಕ್ ತಗೋಬೇಕು," ಎಂದ. ಐದೇ ಸಾಕು, ಹನ್ನೆರಡು ಸಿಗುತ್ತಲ್ಲ ಎಂದದ್ದಕ್ಕೆ ಜಾತಕ ತೆಗೆದ. ಸಾಧಾರಣ ಡಿಸ್ಕಿನ ಕಾಗದದಲ್ಲಿ, ಹತ್ತರ ಹದಿನಾಲ್ಕನೇ ಘಾತದಷ್ಟು ಬಿಟ್ ಓದಿದರೆ ಒಂದು ಓದಲಾಗದ ತಪ್ಪು ಬರಬಹುದು ಎಂದಿರುತ್ತದೆ. ಅದು ಸುಮಾರು ಹನ್ನೆರಡೂವರೆ ಟೀಬಿ. ನಾಲ್ಕರಲ್ಲಿ ಒಂದು ಸತ್ತರೆ ಹೊಸದನ್ನು ಕಟ್ಟಲು ಉಳಿದ ಮೂರನ್ನೂ ಪೂರ್ತಿ ಓದಬೇಕು, ಅಂದರೆ ಹನ್ನೆರಡು ಟೀಬಿ. "ಅರ್ಧ ಟೀಬಿ ಅಂತರದಲ್ಲಿ ಗಂಡಾಂತರ ಕೂತಿದೆ ಸಾರ್." ಡಿಸ್ಕುಗಳು ಕಾಗದಕ್ಕಿಂತ ಎಷ್ಟೋ ಚೆನ್ನಾಗಿ ನಡೆದುಕೊಳ್ಳುತ್ತವೆ ಎಂದು ಆಮೇಲೆ ಅವನೇ ಒಪ್ಪಿದ. ಅಷ್ಟರಲ್ಲಿ ನನ್ನ ಹದಿನೈದು ದಿನದ ನಿದ್ದೆ ಹೋಗಿತ್ತು.

ಉಳಿದದ್ದು ಆರೋ ಹತ್ತೋ ಎಂಬ ಪ್ರಶ್ನೆ. ಆರರಲ್ಲಿ ಯಾವ ಎರಡು ಸತ್ತರೂ ಸರಿ. ಹತ್ತರಲ್ಲಿ ಜೋಡಿಜೋಡಿಯಾಗಿ ಪ್ರತಿ. ಎರಡು ಸಾಯಬಹುದು, ಆದರೆ ಗಂಡ ಹೆಂಡತಿ ಒಟ್ಟಿಗೆ ಸಾಯಕೂಡದು. ರಿಪೇರಿ ಮಾತ್ರ ಬೇಗ, ಜೊತೆಯದನ್ನು ನಕಲು ಮಾಡಿದರೆ ಮುಗಿಯಿತು. ಸೋಮವಾರ ಆರು ಅನ್ನುತ್ತಿದ್ದವನು ಗುರುವಾರ ಹತ್ತು ಅನ್ನುತ್ತಿದ್ದ. ನನ್ನ ಮದುವೆಗಳು ಕಾಯಬೇಕಲ್ಲ. ಅವನ್ನು ಬಿಡಿ ಡಿಸ್ಕುಗಳಿಗೆ ತುಂಬಿ ತುಂಬಿ, ಮನೆಯ ಬೀರುವಿನಲ್ಲಿ ಹೆಂಡತಿಯ ಧಾರೆ ಸೀರೆಯ ಕೆಳಗೆ ಇಡುತ್ತಾ ಹೋದೆ. ಕೊನೆಗೆ ಹತ್ತು ಎಂದು ನಿಕ್ಕಿಯಾಯಿತು. ಯಾಕೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಕೊಳ್ಳುವುದೂ ಸಲೀಸಾಗಲಿಲ್ಲ. ಒಂದೇ ದಿನ ಒಂದೇ ಅಂಗಡಿಯಲ್ಲಿ ತಂದ ಡಿಸ್ಕುಗಳು ಒಂದೇ ಕಂತಿನವಾಗಿದ್ದು, ಒಟ್ಟಿಗೇ ಸಾಯುವ ಸಂಭವ ಉಂಟಂತೆ. ಹಾಗಾಗಿ ಅವನನ್ನು ಹಿಂದೆ ಕೂರಿಸಿಕೊಂಡು ಒಂದು ಡಿಸ್ಕನ್ನು ಹಾಸನದಲ್ಲಿ, ಒಂದನ್ನು ಹೊಳೆನರಸೀಪುರದಲ್ಲಿ, ಒಂದನ್ನು ಚನ್ನರಾಯಪಟ್ಟಣದಲ್ಲಿ ಕೊಂಡೆ. ಅರಕಲಗೂಡಿನಲ್ಲಿ ಸಿಕ್ಕಿದ್ದು ಸಿಸಿ ಕ್ಯಾಮೆರಾಗೆಂದು ತರಿಸಿದ್ದ ಡಿಸ್ಕು. ಅದನ್ನು ಕಿವಿಯ ಹತ್ತಿರ ಹಿಡಿದು ಎಳನೀರಿನಂತೆ ಅಲ್ಲಾಡಿಸಲು ಹೋದವನು, ನನ್ನ ಮುಖ ನೋಡಿ ಕೈ ಇಳಿಸಿದ. ಡಿಸ್ಕಿಗಿಂತ ಪೆಟ್ರೋಲು ದುಬಾರಿಯಾಯಿತು ಎಂದರೆ ಸುಳ್ಳಾದೀತು. ಊಟ ತಿಂಡಿ ಸೇರಿಸಿದರೆ ಸುಳ್ಳಲ್ಲ.

ಪೆಟ್ಟಿಗೆಯಲ್ಲಿ ನಾಲ್ಕು ಹಸಿರು ದೀಪ ಹತ್ತಿದವು. ಯುಪಿಎಸ್ ಬಂತು. ಬೀರುವಿನ ಡಿಸ್ಕುಗಳಲ್ಲಿದ್ದದ್ದನ್ನೆಲ್ಲ ಅದಕ್ಕೆ ಸುರಿದೆ. ಎರಡು ತಿಂಗಳು ಅದನ್ನು ದೇವರ ಮನೆಯಂತೆ ನೋಡಿಕೊಂಡೆವು. ಒಂದು ಶನಿವಾರ ನನ್ನ ಶಿಷ್ಯ, ಜಾಗ ಸಾಲದೆಂದು, 'ಫೈನಲ್ ಫೈನಲ್ 2' ಎಂಬ ಫೋಲ್ಡರನ್ನು ನಕಲೆಂದು ತಿಳಿದು ಅಳಿಸಿದ. ಅದೇ ಅಸಲು. ರೈಡ್ ಹತ್ತು ತನ್ನ ಧರ್ಮ ಬಿಡಲಿಲ್ಲ: ಎರಡೂ ಪ್ರತಿಯನ್ನು ಒಂದೇ ಗಳಿಗೆಯಲ್ಲಿ ಅಳಿಸಿತು. ನಾಲ್ಕೂ ದೀಪ ಹಸಿರಾಗಿಯೇ ಉರಿಯುತ್ತಿದ್ದವು.

ರೈಡಣ್ಣ ಬಂದ. ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿದ. "ಡಿಸ್ಕ್ ಸತ್ತರೆ ಉಳಿಸೋದು ರೈಡ್. ಮನುಷ್ಯ ಅಳಿಸಿದರೆ ಉಳಿಸೋದು ಬ್ಯಾಕಪ್. ನಾನು ತೋರಿಸಿದ್ದು ರೈಡ್ ಸಾರ್, ನೀವು ಬ್ಯಾಕಪ್ ಅಂದ್ಕೊಂಡ್ರಿ." ನಾನು ಎರಡಡಿ ಆಚೆ ಕೊರೆಸಿದ್ದೆ.

ಆಮೇಲೆ 3-2-1 ಸೂತ್ರ ಹೇಳಿದ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಅದನ್ನು ಜನಪ್ರಿಯ ಮಾಡಿದ್ದು ಪೀಟರ್ ಕ್ರೋಗ್, ನನ್ನ ಕಸುಬಿನವನೇ, ಅಮೆರಿಕದ ಫೋಟೋಗ್ರಾಫರ್. ಇಷ್ಟು ದಿನ ಇದನ್ನು ಯಾಕೆ ಹೇಳಲಿಲ್ಲ ಎಂದರೆ, "ನೀವು ರೈಡ್ ಕೇಳಿದ್ರಿ," ಎಂದ. ಅದೂ ನಿಜ.

ಬೀರುವಿನ ಡಿಸ್ಕುಗಳು ನೆನಪಾದದ್ದು ನನ್ನ ಹೆಂಡತಿಗೆ. ಸುರಿದ ಮೇಲೆ ಖಾಲಿ ಮಾಡಲು ಸೋಮಾರಿತನಪಟ್ಟು ಹಾಗೇ ಬಿಟ್ಟಿದ್ದೆ. ನುಸಿಗುಳಿಗೆಯ ವಾಸನೆ ಹೊಡೆಯುತ್ತಿದ್ದ ಐದನೇ ಡಿಸ್ಕಿನಲ್ಲಿ ಧಾರೆ, ಆರತಕ್ಷತೆ, ಬೀಗರೂಟ ಎಲ್ಲವೂ ಇತ್ತು. ಹಿಂದಿನ ಸಾಲಿನಲ್ಲಿ ಬಾಯಿ ತೆರೆದು ನಿದ್ದೆ ಹೋದ ಅಜ್ಜನೂ ಇದ್ದರು.

"ಮೂರು ತಿಂಗಳು ನಾನ್ಯಾಕೆ ತಡ ಮಾಡಿದೆ ಅಂತ ಈಗ ಗೊತ್ತಾಯ್ತಾ?" ಎಂದ ರೈಡಣ್ಣ. "ಆದರೆ ಸ್ಟುಡಿಯೋ ಕೆಳಗೆ, ಬೀರು ಮೇಲೆ, ಒಂದೇ ಕಟ್ಟಡ. ಬ್ಯಾಕಪ್ ಎರಡಡಿ ಆಚೆ ಇದ್ರೆ ಆಗಲ್ಲ ಸಾರ್, ಎರಡೂರು ಆಚೆ ಇರಬೇಕು. ಬನ್ನಿ, ಯಾವ ಊರು ಅಂತ ಕೂತು ನೋಡೋಣ."

ಟೀ ಅಂಗಡಿಗೆ ಹೋದೆವು. ನಾಲ್ಕು ಬಸಿ ಕೇಳಿದ. ಅಂಗಡಿಯವರು ಬಸಿ ಕೊಟ್ಟರು. ಬಿಸ್ಕತ್ತಿನ ಜಾಡಿಯನ್ನು ಎತ್ತಿ ಮೇಲಿನ ಅಟ್ಟಣಿಗೆಯಲ್ಲಿಟ್ಟರು.