ಹಿಂದಿರುಗದ ನೀರು

ಎಚ್.ಎ.ಎಲ್. ವಿಮಾನ ಕಾರ್ಖಾನೆಯು 1964ರಲ್ಲಿ ನಾಸಿಕದ ಬಳಿಯ ಓಝರಿನಲ್ಲಿ ಸ್ಥಾಪಿತವಾದ ತರುವಾಯ ಬೆಂಗಳೂರಿನಿಂದ ಉದ್ಯೋಗನಿಮಿತ್ತ ಬಂದು, ನಿವೃತ್ತಿಯ ಹಣದಿಂದ ಮೂರಂತಸ್ತಿನ ಕಟ್ಟಡವೊಂದನ್ನು ಎಬ್ಬಿಸಿ, ಬಾಡಿಗೆಯ ಸುಖವನ್ನು ಸಾವಕಾಶವಾಗಿ ಅನುಭವಿಸುತ್ತಿದ್ದ ರಾಯರ ಸನ್ನಿಧಿಗೆ, ಮಿಗ್ ವಿಮಾನಗಳ ಕೊಳವೆಗಳನ್ನು ಪರೀಕ್ಷಿಸುತ್ತಲೇ ಮುದುಕನಾದ ಫಿಟರ್ ಶಾಮಣ್ಣನು ಒಂದು ಪ್ರಾತಃಕಾಲ ಸ್ಪ್ಯಾನರ್ ಸಮೇತನಾಗಿ ದಯಮಾಡಿಸಿದನು.

“ರಾಯರೇ, ನಾನ್-ರಿಟರ್ನ್ ವಾಲ್ವ್ ನೋಡಬೇಕಲ್ಲ?”

“ನೋಡುವುದೇತಕ್ಕಯ್ಯಾ? ಪಾಸಾಗಿದೆ. ಇಗೋ, ಚೀಟಿ.”

“ತಾರೀಖು ನಾಳೆಯದು!”

“ಮುಂದಾಲೋಚನೆ.”

“ವಾಲ್ವ್ ಎಲ್ಲಿದೆ?”

“ಚೀಟಿಯಲ್ಲಿ.”

ಶಾಮಣ್ಣನು ಮೀಟರಿನ ಗುಂಡಿಗೆ ಬಗ್ಗಿ ನೋಡಲಾಗಿ, ನೀರು ಹಿಮ್ಮರಳಿದೊಡನೆ ಮುಚ್ಚಿಕೊಳ್ಳಬೇಕಾದ ಹಿತ್ತಾಳೆಯ ಬಿಲ್ಲೆಯು ಕಿಲುಬುಗಟ್ಟಿ ಬಾಯ್ದೆರೆದೇ ನಿಂತಿತ್ತು. ಪಕ್ಕದಲ್ಲಿ ರಾಯರ ಮೋಟಾರು ಊರ ಕೊಳವೆಗೇ ಬಾಯಿಟ್ಟು ಹೀರುತ್ತಿತ್ತು. ಅಂಗಳದ ಹೋಸ್ ಪೈಪಿನ ತುದಿ ಗಟಾರದಲ್ಲಿ ಸುಖಾಸೀನವಾಗಿತ್ತು.

“ಸರಬರಾಜು ನಿಂತಾಗ ಇದು ಗಟಾರವನ್ನೂ ಎಳೆದೀತು! 1933ರಲ್ಲಿ ಷಿಕಾಗೋದ ಹೋಟೆಲುಗಳಲ್ಲಿ ಕೊಳಚೆ ಕುಡಿಯುವ ನೀರಿಗೆ ಸೇರಿ 98 ಮಂದಿ ತೀರಿಕೊಂಡರಂತೆ.”

“ಪಾಪ, ಚೀಟಿ ಮಾಡಿಸಿರಲಿಲ್ಲವೇನೋ.”

“ಪರೀಕ್ಷಕರು ಬಂದಿದ್ದರೇ?”

“ಬಾರದೆ ಇರುವರೇ? ಕಾಫಿ ಸ್ವೀಕರಿಸಿದರು.”

“ಈ ನಲ್ಲಿಯ ನೀರಿನದೇ?”

“ಛೇ! ಅತಿಥಿಗಳಿಗೆ ಕ್ಯಾನಿನ ನೀರು.”

“ದಕ್ಷಿಣೆ?”

“ಕೊಟ್ಟದ್ದು ಹಿಂದಿರುಗೀತೇ? ಅಲ್ಲಿನ ವಾಲ್ವ್ ಬಲು ಭದ್ರ.”

“ಬಾಡಿಗೆದಾರರ ಗತಿ?”

“ಅವರ ಡಿಪಾಜಿಟ್ಟಿಗೂ ಅಂಥದ್ದೇ ಒಂದನ್ನು ಹಾಕಿಸಿದ್ದೇನೆ, ಶಾಮಣ್ಣ.”